ಕರಾವಳಿಯ ಮನೆಗೆ ಸ್ಯಾಟಲೈಟ್ ಇಂಟರ್ನೆಟ್ ಬ್ಯಾಕಪ್: ಮೇ ಕೊನೆಯ ಪತ್ತನಾಜೆಯ ಒಳಗೆ ಮುಗಿಸಬೇಕಾದ ಕೆಲಸ

ಜೂನ್ ಬಂತೆಂದರೆ ನಮ್ಮ ಕಡೆ ಇಂಟರ್ನೆಟ್ ಹೋಗುವುದಕ್ಕೆ ದೊಡ್ಡ ಕಾರಣ ಬೇಕಾಗಿಲ್ಲ. ಗಾಳಿಗೆ ಒಂದು ಹಲಸಿನ ಗೆಲ್ಲು ಮುರಿದು ಲೈನಿನ ಮೇಲೆ ಬಿದ್ದರೆ ಸಾಕು, ಕರೆಂಟ್ ಕಂಬದ ಜೊತೆಗೆ ಅದಕ್ಕೇ ಕಟ್ಟಿದ ಫೈಬರ್ ಕೇಬಲ್ಲೂ ನೆಲಕ್ಕೆ. ಮೆಸ್ಕಾಂನವರು ಬಂದು ಕಂಬ ನಿಲ್ಲಿಸಿ ಕರೆಂಟ್ ಕೊಟ್ಟು ಹೋಗುತ್ತಾರೆ, ಫೈಬರ್ ಜೋಡಿಸುವ ಹುಡುಗ ಬರುವುದು ಮರುದಿನ, ಇಲ್ಲವಾದರೆ ಅದರ ಮರುದಿನ. ಮನೆಯಿಂದಲೇ ಕೆಲಸ ಮಾಡುವವರು ಅಷ್ಟರಲ್ಲಿ ರಜೆ ಹಾಕಿರುತ್ತಾರೆ.

ಇದಕ್ಕೆ ಸ್ಯಾಟಲೈಟ್ ಇಂಟರ್ನೆಟ್ ಬ್ಯಾಕಪ್ ಇಟ್ಟುಕೊಳ್ಳುವ ಯೋಚನೆ ಈಗ ತುಂಬಾ ಜನರಿಗೆ ಬಂದಿದೆ. ಒಳ್ಳೆಯ ಯೋಚನೆಯೇ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಜಡಿಮಳೆ ಹೊಡೆಯುವ ಹೊತ್ತಿಗೆ ಸ್ಯಾಟಲೈಟ್ ಕೂಡ ಕೈಕೊಡುತ್ತದೆ. ಮನೆಯಲ್ಲಿ ಡಿಟಿಎಚ್ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಧಾರಾವಾಹಿಯ ಮಧ್ಯದಲ್ಲಿ ಸಿಗ್ನಲ್ ಇಲ್ಲ ಅಂತ ಬರುವುದು ಯಾವಾಗ ಅಂತ ಗೊತ್ತೇ ಇದೆ. ಸ್ಯಾಟಲೈಟ್ ಕೆಲಸಕ್ಕೆ ಬರುವುದು ಆ ಅರ್ಧ ಗಂಟೆಗಲ್ಲ, ಮಳೆ ಸ್ವಲ್ಪ ಇಳಿದ ಮೇಲೆ ಫೈಬರ್ ಸತ್ತು ಬಿದ್ದಿರುವ ಎರಡು ದಿನಕ್ಕೆ. ಇಷ್ಟನ್ನು ಒಪ್ಪಿಕೊಂಡರೆ ಉಳಿದದ್ದೆಲ್ಲ ಸಲೀಸು.

ನಿಮಗೆ ನಿಜವಾಗಿ ಬೇಕಾ?

ಪೇಟೆಯೊಳಗೆ, ಕದ್ರಿ, ಬಿಜೈ, ಮಣಿಪಾಲದ ಫ್ಲ್ಯಾಟಿನಲ್ಲಿ ಇರುವವರಿಗೆ ಬಹುಶಃ ಬೇಡ. ಅಲ್ಲಿ ಬೇರೆ ಕಂಪನಿಯ ಸಿಮ್ ಹಾಕಿದ ಒಂದು 4ಜಿ ಅಥವಾ 5ಜಿ ರೂಟರ್ ಇಟ್ಟುಕೊಂಡರೆ ಮುಕ್ಕಾಲು ಪಾಲು ತೊಂದರೆ ಅಲ್ಲಿಗೇ ಮುಗಿಯುತ್ತದೆ, ಖರ್ಚೂ ಕಡಿಮೆ. ಹೆಬ್ರಿ, ಬೈಂದೂರಿನ ಒಳಭಾಗ, ಬೆಳ್ತಂಗಡಿ, ಸುಳ್ಯದ ಕಡೆ, ಊರಿಗೆಲ್ಲ ಒಂದೇ ಟವರು, ಒಂದೇ ಫೈಬರ್ ಲೈನು ಇರುವಲ್ಲಿ ಲೆಕ್ಕ ಬೇರೆ. ಕರೆಂಟ್ ಎರಡು ದಿನ ಹೋದರೆ ಟವರಿನ ಬ್ಯಾಟರಿಯೂ ಖಾಲಿಯಾಗುತ್ತದೆ. ಆ ಟವರಿಗೆ ಬರುವ ಫೈಬರ್ ಅದೇ ಬಿದ್ದ ಕಂಬದ ಮೇಲೆ ಇದ್ದರಂತೂ ಬ್ಯಾಟರಿ ಇದ್ದೂ ಪ್ರಯೋಜನವಿಲ್ಲ.

ಎರಡು ಬೇರೆ ಕಂಪನಿಯ ಫೈಬರ್ ಹಾಕಿಸಿಕೊಂಡು ನೆಮ್ಮದಿಯಾಗಿ ಇರುವವರೂ ಇದ್ದಾರೆ. ಒಮ್ಮೆ ಹೊರಗೆ ಬಂದು ತಲೆಯೆತ್ತಿ ನೋಡಿ. ಎರಡೂ ಕೇಬಲ್ ಒಂದೇ ಕಂಬದಿಂದ ಬರುತ್ತಿದ್ದರೆ ಅದು ಎರಡು ಬಿಲ್ಲು, ಎರಡು ದಾರಿ ಅಲ್ಲ.

ಯಾವುದು ಸಿಗುತ್ತದೆ, ಯಾವುದನ್ನು ಮುಟ್ಟಬಾರದು

ಸ್ಯಾಟಲೈಟ್ ಇಂಟರ್ನೆಟ್ ಅಂದರೆ ಒಂದೇ ತರದ್ದಲ್ಲ. ಹಳೆಯದು ವಿಸ್ಯಾಟ್, ಎಟಿಎಂ ಮತ್ತು ಪೆಟ್ರೋಲ್ ಬಂಕಿನ ಮಾಡಿನ ಮೇಲೆ ಕಾಣುವ ಡಿಶ್. ಅದರ ಉಪಗ್ರಹ 35,786 ಕಿಲೋಮೀಟರ್ ಎತ್ತರದಲ್ಲಿ ಒಂದೇ ಕಡೆ ನಿಂತಂತೆ ಇರುತ್ತದೆ. ನೀವು ಕೇಳಿದ್ದು ಮೇಲೆ ಹೋಗಿ ಕೆಳಗೆ ಬಂದು, ಉತ್ತರ ಮತ್ತೆ ಮೇಲೆ ಹೋಗಿ ಕೆಳಗೆ ಬರಬೇಕು, ಒಟ್ಟು 1.43 ಲಕ್ಷ ಕಿಲೋಮೀಟರ್. ಬೆಳಕಿನ ವೇಗದಲ್ಲೂ ಇದಕ್ಕೆ ಹತ್ತಿರ ಹತ್ತಿರ ಅರ್ಧ ಸೆಕೆಂಡ್ ಹಿಡಿಯುತ್ತದೆ. ಮೇಲ್, ಬ್ಯಾಂಕ್ ಕೆಲಸ, ಬಿಲ್ಲಿಂಗ್ ಇದಕ್ಕೆಲ್ಲ ತೊಂದರೆ ಇಲ್ಲ. ವಿಡಿಯೋ ಕಾಲ್‌ನಲ್ಲಿ ಮಾತ್ರ ನೀವು ಮಾತು ಮುಗಿಸುವ ಮೊದಲೇ ಆಚೆಯವರು ಶುರು ಮಾಡುತ್ತಾರೆ. ನಮ್ಮ ದೇಶದಲ್ಲಿ ಹ್ಯೂಸ್ ಕಮ್ಯುನಿಕೇಶನ್ಸ್ ಇಸ್ರೋದ ಜೊತೆ ಸೇರಿ 2022ರಲ್ಲಿ ಜಿಸ್ಯಾಟ್-11 ಮತ್ತು ಜಿಸ್ಯಾಟ್-29 ಉಪಗ್ರಹ ಬಳಸಿ ಹೆಚ್ಚು ವೇಗದ ಸೇವೆ ಶುರು ಮಾಡಿತು. ಇದರ ಗಿರಾಕಿಗಳು ಜಾಸ್ತಿ ಬ್ಯಾಂಕು, ಕಚೇರಿಗಳೇ. ಹೋಮ್‌ಸ್ಟೇ ನಡೆಸುವವರು, ಸಹಕಾರಿ ಸಂಘದವರು ವಿಚಾರಿಸಿ ನೋಡಬಹುದು.

ಹೊಸದು ಭೂಮಿಗೆ ಹತ್ತಿರದ, ಕೆಳಗಿನ ಕಕ್ಷೆಯದ್ದು. ಸ್ಟಾರ್‌ಲಿಂಕ್ ಕಂಪನಿಯ ಉಪಗ್ರಹಗಳು ಸುಮಾರು 480ರಿಂದ 550 ಕಿಲೋಮೀಟರ್ ಎತ್ತರದಲ್ಲಿ, ಒನ್‌ವೆಬ್‌ನವು 1,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ದೂರ ಕಡಿಮೆ, ಹಾಗಾಗಿ ತಡವೂ ಕಡಿಮೆ, ವಿಡಿಯೋ ಕಾಲ್ ಸರಾಗವಾಗಿ ನಡೆಯುತ್ತದೆ. ಮನೆ ಬಳಕೆಗೆ ಬೇಕಾದ್ದು ಇದೇ. ಸ್ಟಾರ್‌ಲಿಂಕ್‌ಗೆ 2025ರ ಜೂನ್‌ನಲ್ಲಿ ದೂರಸಂಪರ್ಕ ಇಲಾಖೆಯ ಲೈಸೆನ್ಸ್, ಜುಲೈಯಲ್ಲಿ ಖಾಸಗಿ ಬಾಹ್ಯಾಕಾಶ ಸೇವೆಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ ಇನ್‌ಸ್ಪೇಸ್‌ನ ಅನುಮತಿ ಸಿಕ್ಕಿತು. ಒನ್‌ವೆಬ್‌ಗೂ ಜಿಯೋ-ಎಸ್‌ಇಎಸ್ ಜೋಡಿಗೂ ಅದಕ್ಕಿಂತ ಮೊದಲೇ ಲೈಸೆನ್ಸ್ ಇತ್ತು. ಆದರೆ ಲೈಸೆನ್ಸ್ ಸಿಕ್ಕಿದ ಮಾತ್ರಕ್ಕೆ ಮರುದಿನ ಮನೆಗೆ ಡಿಶ್ ಬರುವುದಿಲ್ಲ. ಸ್ಪೆಕ್ಟ್ರಮ್ ಅಂದರೆ ರೇಡಿಯೋ ತರಂಗದ ಹಂಚಿಕೆ, ಉಪಗ್ರಹವನ್ನು ನೆಲದ ಇಂಟರ್ನೆಟ್‌ಗೆ ಜೋಡಿಸುವ ಗೇಟ್‌ವೇ ಸ್ಟೇಷನ್, ಭದ್ರತಾ ಪರೀಕ್ಷೆ ಎಲ್ಲ ಅದರ ಮೇಲಿನ ಕೆಲಸ. ಹಾಗಾಗಿ ಕಂಪನಿಯ ಸ್ವಂತ ವೆಬ್‌ಸೈಟಿನಲ್ಲೇ ನಿಮ್ಮ ಪಿನ್‌ಕೋಡ್ ಹಾಕಿ ನೋಡಿ. ನಡುವೆ ಯಾರಾದರೂ ಏಜೆಂಟ್ ಅಂತ ಬಂದು ಬುಕಿಂಗ್ ಮಾಡಿಸಿಕೊಡುತ್ತೇನೆ, ಮುಂಗಡ ಕೊಡಿ ಅಂದರೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಗಲ್ಫಿನಲ್ಲಿರುವ ಅಣ್ಣನೋ ಭಾವನೋ ಊರಿಗೆ ಬರುವಾಗ ಒಂದು ಡಿಶ್ ತರಲಿ ಅಂತ ಲೆಕ್ಕ ಹಾಕಿದ್ದರೆ ಅದನ್ನೂ ಬಿಟ್ಟುಬಿಡಿ. ಇಲ್ಲಿ ಅನುಮತಿ ಇಲ್ಲದ ಸ್ಯಾಟಲೈಟ್ ಉಪಕರಣ ತರುವುದು, ಬಳಸುವುದು ಕಾನೂನಿಗೆ ವಿರುದ್ಧ. ಸ್ಯಾಟಲೈಟ್ ಫೋನಿನ ಸಿಗ್ನಲ್ ಪತ್ತೆಯಾಯಿತೆಂದು ಪೊಲೀಸರು ಘಟ್ಟದ ಬುಡದ ಕಾಡು ಹುಡುಕಿದ ಸುದ್ದಿಯನ್ನು ನೀವೂ ಪೇಪರಿನಲ್ಲಿ ಓದಿರುತ್ತೀರಿ. ಸುಮ್ನೆ ಯಾಕೆ ಆ ತಲೆಬಿಸಿ?

ಆಕಾಶ ನೋಡಿ, ಆಮೇಲೆ ಆರ್ಡರ್ ಮಾಡಿ

ನಮ್ಮ ಊರಿನಲ್ಲಿ ಎಲ್ಲಕ್ಕಿಂತ ದೊಡ್ಡ ತಕರಾರು ತೆಂಗಿನ ಮರದ್ದು. ಡಿಶ್‌ಗೆ ಆಕಾಶ ಕಾಣಬೇಕು, ನಮ್ಮ ಅಂಗಳದಲ್ಲಿ ಆಕಾಶವೇ ಕಡಿಮೆ.

ವಿಸ್ಯಾಟ್‌ಗೆ ಒಂದೇ ದಿಕ್ಕಿನಲ್ಲಿ ಸಂದು ಸಿಕ್ಕಿದರೆ ಸಾಕು. ಇಲ್ಲಿ ನಮಗೆ ಒಂದು ಅದೃಷ್ಟ ಇದೆ. ಜಿಸ್ಯಾಟ್-11 ಇರುವುದು 74 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಮಂಗಳೂರು ಇರುವುದು ಹತ್ತಿರ ಹತ್ತಿರ 75ರಲ್ಲಿ. ಅಂದರೆ ಉಪಗ್ರಹ ಹೆಚ್ಚು ಕಡಿಮೆ ನಮ್ಮ ನೆತ್ತಿಯ ಮೇಲೆ, ಸ್ವಲ್ಪ ದಕ್ಷಿಣಕ್ಕೆ ವಾಲಿ, ನೆಲದಿಂದ 75 ಡಿಗ್ರಿ ಎತ್ತರದಲ್ಲಿ. ಪಕ್ಕದ ಮನೆಯ ಮರ ಅಡ್ಡ ಬರುವುದು ಅಪರೂಪ. ಇನ್ನೊಂದು ಲಾಭವೂ ಇದೆ, ಸಿಗ್ನಲ್ ಮಳೆಯನ್ನು ಓರೆಯಾಗಿ ಸೀಳಿಕೊಂಡು ಬರುವುದಿಲ್ಲ, ನೇರ ಕೆಳಗೆ ಇಳಿಯುತ್ತದೆ. ಹಾಗಾಗಿ ಮಳೆಯೊಳಗೆ ಅದು ಸಾಗುವ ದೂರ ಕಡಿಮೆ.

ಸ್ಟಾರ್‌ಲಿಂಕ್ ತರದ್ದಕ್ಕೆ ಹಾಗಲ್ಲ. ಉಪಗ್ರಹಗಳು ಓಡುತ್ತಲೇ ಇರುತ್ತವೆ, ಡಿಶ್ ಒಂದರಿಂದ ಇನ್ನೊಂದಕ್ಕೆ ದಾಟುತ್ತಲೇ ಇರಬೇಕು, ಅದಕ್ಕೆ ಸುಮಾರು 110 ಡಿಗ್ರಿ ಅಗಲದ ಬಯಲು ಆಕಾಶ ಬೇಕು. ಅದರ ಜಾಲದ ದೊಡ್ಡ ಭಾಗ 53 ಡಿಗ್ರಿ ಅಕ್ಷಾಂಶದ ಹತ್ತಿರ ದಟ್ಟವಾಗಿದೆ. 13 ಡಿಗ್ರಿಯಲ್ಲಿರುವ ನಮ್ಮ ಮೇಲೆ ಒಂದೇ ಹೊತ್ತಿಗೆ ಇರುವ ಉಪಗ್ರಹಗಳು ಅಲ್ಲಿಗಿಂತ ಕಡಿಮೆ. ಹಾಗಾಗಿ ಒಂದು ಮರ ಅಡ್ಡ ಬಂದರೂ ಇಲ್ಲಿ ಅದರ ಪೆಟ್ಟು ಜಾಸ್ತಿ. ಅವರ ಆ್ಯಪ್‌ನಲ್ಲಿ ಫೋನಿನ ಕ್ಯಾಮೆರಾ ಮೇಲಕ್ಕೆ ಹಿಡಿದು ತಿರುಗಿಸಿದರೆ ಎಲ್ಲಿ ಅಡ್ಡ ಇದೆ ಅಂತ ಅದೇ ತೋರಿಸುತ್ತದೆ. ಡಿಶ್ ಇಡುವ ಎತ್ತರದಲ್ಲೇ ನಿಂತು ನೋಡಿ, ಅಂಗಳದಲ್ಲಿ ನಿಂತು ಅಲ್ಲ. ಗಾಳಿಗೆ ತೆಂಗಿನ ಗರಿ ಎಷ್ಟು ದೂರ ಬೀಸುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಮರದ ನೇರ ಕೆಳಗಂತೂ ಇಡಲೇಬೇಡಿ. ಒಂದು ಒಣ ಮಡಲು ಬಿದ್ದರೆ ಸಾಕು, ಕಾಯಿಯವರೆಗೂ ಹೋಗಬೇಕಾಗಿಲ್ಲ.

ಎಲ್ಲಿ ಕೂರಿಸುವುದು

ಹಂಚಿನ ಮಾಡಿನ ಮೇಲೆ ಬ್ರಾಕೆಟ್ ಹಾಕುವುದು ಬೇಡ. ಹಂಚು ಒಡೆಯುತ್ತದೆ, ರೀಪು ಭಾರ ತಡೆಯುವುದಿಲ್ಲ, ಒಡೆದ ಹಂಚಿನಿಂದ ಸೋರುವ ನೀರು ಅಟ್ಟಕ್ಕೆ ಇಳಿದದ್ದು ನಿಮಗೆ ಗೊತ್ತಾಗುವುದು ಮಳೆ ಸುರಿಯುವ ಆಟಿ ತಿಂಗಳಲ್ಲಿ. ಅಂಗಳದ ಬಯಲು ಮೂಲೆಯಲ್ಲಿ ಕಾಂಕ್ರೀಟ್ ಹಾಕಿ ಎರಡು ಇಂಚಿನ ಜಿಐ ಪೈಪ್ ನಿಲ್ಲಿಸುವುದೇ ಒಳ್ಳೆಯದು. ಗೋಡೆಗೇ ಹಾಕಬೇಕೆಂದರೆ ಮೆತ್ತಗಿನ ಕೆಂಪು ಮುರಕಲ್ಲಿನ ಗೋಡೆ ಅನ್ನುವುದನ್ನು ಮರೆಯಬೇಡಿ. ಮಾಮೂಲಿ ಆ್ಯಂಕರ್ ಬೋಲ್ಟ್ ಮುರಕಲ್ಲಿನಲ್ಲಿ ಎರಡು ಗಾಳಿಗೆ ಸಡಿಲವಾಗುತ್ತದೆ. ಲಿಂಟಲ್ ಅಥವಾ ಬೀಮಿನ ಕಾಂಕ್ರೀಟ್ ಎಲ್ಲಿದೆ ನೋಡಿ ಅಲ್ಲಿಗೆ ಹೊಡೆಸಿ.

ತಾರಸಿ ಮನೆಯವರದ್ದು ಬೇರೆ ಕಥೆ. ಸೋರಬಾರದೆಂದು, ಬಟ್ಟೆ ಒಣಗಿಸಲೆಂದು, ಅಡಿಕೆ ಹರವಲೆಂದು ತಾರಸಿಯ ಮೇಲೆ ಶೀಟ್ ಹಾಕಿಸಿರುತ್ತೀರಿ. ತಗಡಿನ ಶೀಟಿನ ಅಡಿಯಲ್ಲಿ ಡಿಶ್ ಇಟ್ಟರೆ ಸಿಗ್ನಲ್ ಬರುವುದಿಲ್ಲ. ಶೀಟಿನ ಕಂಬಕ್ಕೆ ಕಟ್ಟಿದರೆ ಗಾಳಿಗೆ ಇಡೀ ಚೌಕಟ್ಟು ನಡುಗುವಾಗ ಡಿಶ್ಶೂ ನಡುಗುತ್ತದೆ. ಕೆಳಗಿನ ಕಕ್ಷೆಯ ಡಿಶ್ ಇದನ್ನು ಸ್ವಲ್ಪ ಮಟ್ಟಿಗೆ ಸಹಿಸಿಕೊಳ್ಳುತ್ತದೆ, ವಿಸ್ಯಾಟ್ ಸಹಿಸುವುದಿಲ್ಲ. ಪಕ್ಕದ ಗೋಡೆಯಿಂದ ಬೇರೆಯೇ ಪೈಪ್ ಎಬ್ಬಿಸಿ ಶೀಟಿಗಿಂತ ಮೇಲೆ ತನ್ನಿ. ಅಪಾರ್ಟ್‌ಮೆಂಟ್ ಆದರೆ ಅಸೋಸಿಯೇಷನ್ ಹತ್ತಿರ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ, ಬಾಯಿಮಾತಿನದ್ದು ಮುಂದಿನ ಸೆಕ್ರೆಟರಿ ಬರುವವರೆಗೆ ಮಾತ್ರ.

ಮಲ್ಪೆ, ಉಳ್ಳಾಲ, ಸುರತ್ಕಲ್ ಅಂತ ಕಡಲ ಹತ್ತಿರ ಇದ್ದರೆ ನಟ್ಟು ಬೋಲ್ಟು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದ್ದೇ ಇರಲಿ. ಸಾಮಾನ್ಯ ಬೋಲ್ಟ್ ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿದು, ಆಮೇಲೆ ಬಿಚ್ಚಲು ಗ್ರೈಂಡರ್ ಬೇಕಾಗುತ್ತದೆ.

ಕೇಬಲ್ ವಿಷಯದಲ್ಲಿ ಅವಸರ ಬೇಡ. ಗೋಡೆಗೆ ತೂತು ಕೊರೆಯುವಾಗ ಹೊರಬದಿ ತಗ್ಗು, ಒಳಬದಿ ಎತ್ತರ ಇರುವಂತೆ ಓರೆಯಾಗಿ ಕೊರೆಸಿ. ಕೇಬಲ್ ತೂತಿನೊಳಗೆ ಹೋಗುವ ಮೊದಲು ಕೆಳಗಿಳಿದು ಮತ್ತೆ ಮೇಲೇರುವಂತೆ ಒಂದು ಜೋಲು ಬಿಡಿ, ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಇಷ್ಟು ಮಾಡದಿದ್ದರೆ ಮಳೆನೀರು ಕೇಬಲ್ ಹಿಡಿದುಕೊಂಡೇ ನೇರ ರೂಟರ್‌ವರೆಗೆ ಬರುತ್ತದೆ. ತೋಟದ ಕಡೆಯವರು ಕೇಬಲ್ಲನ್ನು ಪಿವಿಸಿ ಪೈಪಿನೊಳಗೆ ಹಾಕಿಸಿ. ಮಂಗಗಳಿಗೆ ನೇತಾಡುವುದು ಏನು ಕಂಡರೂ ಎಳೆದು ನೋಡಬೇಕು, ಇಲಿಗಳಿಗೆ ಕಚ್ಚಿ ನೋಡಬೇಕು.

ಸಿಡಿಲು ಮರೆಯುವ ಹಾಗಿಲ್ಲ. ಫೈಬರಿನಲ್ಲಿ ಗಾಜಿನ ಎಳೆ ಇರುವುದು, ಡಿಶ್‌ನಿಂದ ಬರುವುದು ತಾಮ್ರದ ತಂತಿ, ಅದೂ ಮನೆಯ ಎತ್ತರದ ಜಾಗದಿಂದ. ಏಪ್ರಿಲ್-ಮೇ ಮತ್ತು ಅಕ್ಟೋಬರ್‌ನ ಗುಡುಗು ಮಳೆಗೆ ಇದೇ ದೊಡ್ಡ ಅಪಾಯ. ಪೈಪಿಗೆ ಸರಿಯಾದ ಅರ್ಥಿಂಗ್, ಕೇಬಲ್ ಒಳಗೆ ಬರುವಲ್ಲಿ ಆ ಡಿಶ್‌ಗೆ ಹೊಂದುವ ಸರ್ಜ್ ಪ್ರೊಟೆಕ್ಟರ್, ಎರಡೂ ಬೇಕು, ಮತ್ತು ಎರಡೂ ಮನೆಯ ಅರ್ಥಿಂಗ್‌ಗೇ ಸೇರಬೇಕು. ಇದನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಇಷ್ಟೆಲ್ಲ ಇದ್ದರೂ ಗುಡುಗು ಹತ್ತಿರ ಬರುವ ಮೊದಲೇ ಪ್ಲಗ್ ಕಿತ್ತಿಡುವುದೇ ಗಟ್ಟಿ ರಕ್ಷಣೆ, ಬ್ಯಾಕಪ್ ತಾನೇ, ಯಾವಾಗಲೂ ಆನ್ ಇರಬೇಕೆಂದಿಲ್ಲ.

ಮೊದಲು ಇನ್ವರ್ಟರ್, ಆಮೇಲೆ ಇಂಟರ್ನೆಟ್

ಹೆಚ್ಚಿನವರು ಎಡವುವುದು ಇಲ್ಲಿ. ಫೈಬರಿನ ಪೆಟ್ಟಿಗೆ ಹತ್ತು-ಹನ್ನೆರಡು ವ್ಯಾಟ್‌ನಲ್ಲಿ ನಡೆಯುತ್ತದೆ. ಸ್ಟಾರ್‌ಲಿಂಕ್‌ನ ಸ್ಟ್ಯಾಂಡರ್ಡ್ ಡಿಶ್ ಸರಾಸರಿ 75ರಿಂದ 100 ವ್ಯಾಟ್ ತಿನ್ನುತ್ತದೆ, ಅಂದರೆ ಒಂದು ಹಳೆಯ ಸೀಲಿಂಗ್ ಫ್ಯಾನಿಗಿಂತ ಕಡಿಮೆ ಏನಲ್ಲ. ಮಿನಿ ಅನ್ನುವ ಸಣ್ಣದು 25ರಿಂದ 40.

ಮನೆಯ ಇನ್ವರ್ಟರಿಗೆ 150 ಆ್ಯಂಪಿಯರ್-ಅವರ್‌ನ ಒಂದು ಬ್ಯಾಟರಿ ಇದೆ ಅಂತ ಇಟ್ಟುಕೊಳ್ಳಿ. ಕಾಗದದ ಮೇಲೆ ಅದು 1,800 ವ್ಯಾಟ್-ಅವರ್. ಲೆಡ್ ಬ್ಯಾಟರಿಯನ್ನು ಪೂರ್ತಿ ಹಿಂಡಬಾರದು, ಇನ್ವರ್ಟರ್ ಕೂಡ ತನ್ನ ಪಾಲು ತಿನ್ನುತ್ತದೆ, ಕೈಗೆ ಸಿಗುವುದು ಸಾವಿರ ಅಂತ ಲೆಕ್ಕ ಹಿಡಿಯಿರಿ. ಡಿಶ್ ಒಂದೇ ಆದರೆ ಹತ್ತು ಗಂಟೆ. ಎರಡು ಫ್ಯಾನ್, ನಾಲ್ಕು ಲೈಟು, ಲ್ಯಾಪ್‌ಟಾಪ್ ಚಾರ್ಜರ್ ಸೇರಿದರೆ ಮೂರೇ ಗಂಟೆಯಲ್ಲಿ ಇನ್ವರ್ಟರ್ ಕೂಗಲು ಶುರು. ಎರಡು ದಿನ ಕರೆಂಟ್ ಇಲ್ಲದ ಊರಿನಲ್ಲಿ ಮೂರು ಗಂಟೆ ಏನಕ್ಕೂ ಸಾಲದು. ಹಾಗಾಗಿ ಸಣ್ಣ ಡಿಶ್ ಸಿಗುವುದಾದರೆ ಅದನ್ನೇ ತೆಗೆದುಕೊಳ್ಳಿ, ವೇಗ ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಅದು 12ರಿಂದ 48 ವೋಲ್ಟ್ ಡಿಸಿಯಲ್ಲಿ ನೇರ ನಡೆಯುತ್ತದೆ, ಇನ್ವರ್ಟರಿನ ನಷ್ಟವೂ ತಪ್ಪುತ್ತದೆ.

ಇನ್ನೆರಡು ಸಣ್ಣ ವಿಷಯ. ಇನ್ವರ್ಟರಿನಲ್ಲಿ ಕ್ಷಣದಲ್ಲೇ ಬ್ಯಾಟರಿಗೆ ಬದಲಾಗುವ ಯುಪಿಎಸ್ ಮೋಡ್ ಇದ್ದರೆ ಅದಕ್ಕೇ ಇಡಿ. ಇಲ್ಲವಾದರೆ ಕರೆಂಟ್ ಹೋಗಿ ಬಂದಾಗಲೆಲ್ಲ ಡಿಶ್ ರೀಸ್ಟಾರ್ಟ್ ಆಗಿ, ಮತ್ತೆ ಉಪಗ್ರಹ ಹುಡುಕಿ ಕೂರಲು ಕೆಲವು ನಿಮಿಷ ಹಿಡಿಯುತ್ತದೆ. ನಮ್ಮಲ್ಲಿ ಒಂದು ಸಂಜೆಗೆ ಎಷ್ಟು ಸಲ ಹೋಗಿ ಬರುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಎರಡನೆಯದು, ಸ್ಟಾರ್‌ಲಿಂಕ್ ಆ್ಯಪ್‌ನಲ್ಲಿ ಡಿಶ್ ಮೇಲಿನ ಹಿಮ ಕರಗಿಸುವ ಒಂದು ಸೆಟ್ಟಿಂಗ್ ಇದೆ. ಅದನ್ನು ಆಫ್ ಮಾಡಿಬಿಡಿ. ಕಾರ್ಕಳದಲ್ಲಿ ಹಿಮ ಬಿದ್ದ ದಿನ ಆನ್ ಮಾಡೋಣ.

ರೂಟರ್ ಜೋಡಣೆ

ಎರಡು ಲೈನು ಹಾಕಬಹುದಾದ ಡ್ಯುಯಲ್ ವ್ಯಾನ್ ರೂಟರ್ ಒಂದು ಬೇಕು, ವ್ಯಾನ್ ಅಂದರೆ ಹೊರಗಿನ ಲೈನು ಸಿಕ್ಕಿಸುವ ಕಿಂಡಿ. ಟಿಪಿ-ಲಿಂಕ್‌ನ ಇಆರ್605 ತರದ್ದು ಮನೆಗೆ ಧಾರಾಳ, ಅದರಲ್ಲಿ ವೈಫೈ ಇಲ್ಲ, ನಿಮ್ಮ ಈಗಿನ ವೈಫೈ ರೂಟರನ್ನು ವೈಫೈ ಮಾತ್ರ ಹಂಚುವ ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ ಅದರ ಕೆಳಗೆ ಜೋಡಿಸಿದರಾಯಿತು. ಮೊದಲ ವ್ಯಾನ್‌ಗೆ ಫೈಬರ್, ಎರಡನೆಯದಕ್ಕೆ ಸ್ಯಾಟಲೈಟ್. 4ಜಿ ಕೂಡ ಇದ್ದರೆ ಅದನ್ನು ನಡುವೆ ಇಡಿ, ಸ್ಯಾಟಲೈಟ್ ಕೊನೆಯದು. ಮೋಡ್ ಅನ್ನು ಫೇಲ್‌ಓವರ್ ಅಂತಲೇ ಆರಿಸಿ, ಆಗ ಮೊದಲ ಲೈನು ಸತ್ತರೆ ಮಾತ್ರ ಮುಂದಿನದಕ್ಕೆ ಹೋಗುತ್ತದೆ. ಲೋಡ್ ಬ್ಯಾಲೆನ್ಸ್ ಅಂತ ಇಟ್ಟರೆ ಫೈಬರ್ ಸರಿ ಇರುವಾಗಲೂ ಅರ್ಧ ಕೆಲಸ ಸ್ಯಾಟಲೈಟ್ ಮೇಲೆ ಹೋಗುತ್ತದೆ.

ಈಗ ಮುಖ್ಯ ವಿಷಯ. ಫೈಬರ್ ಹೊರಗೆ ತುಂಡಾದರೂ ಮನೆಯೊಳಗಿನ ಫೈಬರ್ ಪೆಟ್ಟಿಗೆ ಉರಿಯುತ್ತಲೇ ಇರುತ್ತದೆ, ಎಲ್‌ಓಎಸ್ (ಸಿಗ್ನಲ್ ನಿಂತಿದೆ ಅನ್ನುವ) ದೀಪ ಮಾತ್ರ ಕೆಂಪಾಗುತ್ತದೆ. ನಿಮ್ಮ ರೂಟರಿಗೆ ಕಾಣುವುದು ಆ ಪೆಟ್ಟಿಗೆ, ಅದು ಬದುಕಿರುವುದರಿಂದ ಎಲ್ಲ ಸರಿ ಇದೆ ಅಂದುಕೊಂಡು ಸುಮ್ಮನೆ ಕೂರುತ್ತದೆ. ಹಾಗಾಗಿ ಆನ್‌ಲೈನ್ ಡಿಟೆಕ್ಷನ್ ಅನ್ನುವಲ್ಲಿ ಪಿಂಗ್ (ಆಗಾಗ ಹೊರಗೆ ಕೇಳಿ ಉತ್ತರ ಬರುತ್ತದಾ ಅಂತ ನೋಡುವುದು) ಆನ್ ಮಾಡಿ, ಹೊರಗಿನ ವಿಳಾಸವಾಗಿ 1.1.1.1 ಅಥವಾ 8.8.8.8 ಕೊಡಿ. ಹೊರಗಿನಿಂದ ಉತ್ತರ ಬಾರದಿದ್ದರೆ ಮಾತ್ರ ಅದಕ್ಕೆ ನಿಜ ಗೊತ್ತಾಗುವುದು. ಡಿಎನ್‌ಎಸ್ (ವೆಬ್‌ಸೈಟಿನ ಹೆಸರನ್ನು ವಿಳಾಸಕ್ಕೆ ಬದಲಿಸುವ ಸರ್ವರ್) ಕೂಡ ಫೈಬರ್ ಕಂಪನಿಯದ್ದು ಇಡಬೇಡಿ. ಎಷ್ಟೋ ಕಂಪನಿಗಳ ಡಿಎನ್‌ಎಸ್ ಅವರ ಜಾಲದೊಳಗಿನಿಂದ ಕೇಳಿದರೆ ಮಾತ್ರ ಉತ್ತರಿಸುತ್ತದೆ. ಲೈನ್ ಸ್ಯಾಟಲೈಟಿಗೆ ಬದಲಾಗಿದ್ದರೂ ಒಂದು ಪುಟವೂ ತೆರೆಯದೆ ನೀವು ಡಿಶ್ಶಿಗೆ ಬೈಯುತ್ತಾ ಕೂರುತ್ತೀರಿ.

ರೂಟರುಗಳ ವಿಳಾಸದ ಜಗಳವೂ ಒಂದಿದೆ. ಸ್ಟಾರ್‌ಲಿಂಕ್ ರೂಟರಿನದ್ದೂ 192.168.1.1, ಹಲವು ಫೈಬರ್ ಪೆಟ್ಟಿಗೆಗಳದ್ದೂ ಅದೇ. ಎರಡನ್ನೂ ಒಂದೇ ರೂಟರಿಗೆ ಸಿಕ್ಕಿಸಿದರೆ ಅದು ಗಲಿಬಿಲಿಯಾಗುತ್ತದೆ. ಸ್ಟಾರ್‌ಲಿಂಕ್ ರೂಟರನ್ನು ಅದರ ರೂಟರ್ ಕೆಲಸ ನಿಲ್ಲಿಸುವ ಬೈಪಾಸ್ ಮೋಡ್‌ಗೆ ಹಾಕಿ, ಮನೆಯೊಳಗಿನ ಜಾಲಕ್ಕೆ 192.168.50.1 ತರದ ಬೇರೆ ವಿಳಾಸ ಕೊಡಿ.

ಸ್ಯಾಟಲೈಟ್ ಲೈನಿನಲ್ಲಿ ಟಿವಿ, ಸಿಸಿಟಿವಿ ಅಪ್‌ಲೋಡ್, ಫೋಟೋ ಬ್ಯಾಕಪ್ ಹೋಗದಂತೆ ರೂಟರಿನಲ್ಲೇ ತಡೆ ಹಾಕಿ. ಮಕ್ಕಳಿಗೆ ಬೇಸರವಾಗಬಹುದು, ಬ್ಯಾಟರಿ ಮತ್ತು ಡೇಟಾ ಎರಡೂ ಉಳಿಯುತ್ತದೆ. ಹೊರಗಿನಿಂದ ಪೋರ್ಟ್ ತೆರೆದು ಸಿಸಿಟಿವಿ ನೋಡುವವರು ಒಂದು ತಿಳಿದಿರಲಿ, ಸ್ಯಾಟಲೈಟ್ ಲೈನಿನಲ್ಲಿ ಸಾಮಾನ್ಯವಾಗಿ ನಿಮಗೆ ಹೊರಗಿನಿಂದ ತಲುಪಬಹುದಾದ ಸ್ವಂತ ಪಬ್ಲಿಕ್ ವಿಳಾಸ ಇರುವುದಿಲ್ಲ, ಆ ದಾರಿ ನಡೆಯುವುದಿಲ್ಲ.

ಪರೀಕ್ಷೆ ಸರಿಯಾಗಿ ಮಾಡಿ

ರೂಟರಿನಿಂದ ಫೈಬರ್ ಕಡೆಯ ಲ್ಯಾನ್ ಕೇಬಲ್ ಕಿತ್ತು ನೋಡುವುದು ಪರೀಕ್ಷೆಯೇ ಅಲ್ಲ, ಅದು ಯಾವ ರೂಟರಿಗಾದರೂ ಗೊತ್ತಾಗುತ್ತದೆ. ಫೈಬರ್ ಪೆಟ್ಟಿಗೆಯ ಹಿಂದಿನ ಹಸಿರು ತುದಿಯ ಸಣ್ಣ ಫೈಬರ್ ತಂತಿಯನ್ನು ಮೆಲ್ಲಗೆ ಬಿಚ್ಚಿ. ತುದಿಯನ್ನು ಮುಟ್ಟಬೇಡಿ, ಕಣ್ಣ ಹತ್ತಿರ ಹಿಡಿದು ನೋಡಬೇಡಿ. ಎಲ್‌ಓಎಸ್ ಕೆಂಪಾದ ಮೇಲೆ ಗಡಿಯಾರ ನೋಡಿ, ಒಂದು ನಿಮಿಷದೊಳಗೆ ಲೈನ್ ಬದಲಾಗಬೇಕು. ಹೊಸ ಲೈನಿನಲ್ಲಿ ಆಫೀಸಿನ ವಿಪಿಎನ್ ಮತ್ತೆ ಲಾಗಿನ್ ಕೇಳುತ್ತದೆ, ಅದು ಸಹಜ. ತಂತಿ ವಾಪಸ್ ಹಾಕಿದ ಮೇಲೆ ತಕ್ಷಣ ಫೈಬರಿಗೆ ಮರಳದಂತೆ, ಐದು ನಿಮಿಷ ಕಾದು ಮರಳುವಂತೆ ಇಡುವ ಅವಕಾಶ ನಿಮ್ಮ ರೂಟರಿನಲ್ಲಿದ್ದರೆ ಹಾಗೇ ಇಡಿ. ಮಳೆಗಾಲದಲ್ಲಿ ಜೋಡಿಸಿದ ಫೈಬರ್ ಎರಡು ಸಲ ಹೋಗಿ ಬಂದೇ ನಿಲ್ಲುವುದು.

ಇನ್ನೊಂದು ದಿನ ಮೇನ್ ಸ್ವಿಚ್ ಆಫ್ ಮಾಡಿ, ಇನ್ವರ್ಟರಿನಲ್ಲಿ ಎಷ್ಟು ಹೊತ್ತು ನಡೆಯುತ್ತದೆ ಅಂತ ನಿಜವಾಗಿ ನೋಡಿ. ಇದೆಲ್ಲ ಮೇ ತಿಂಗಳಲ್ಲೇ ಆಗಬೇಕು, ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಪತ್ತನಾಜೆಯ ಒಳಗೆ. ಆಮೇಲೆ ಪಾಚಿ ಹಿಡಿದ ತಾರಸಿಗೆ ಏಣಿ ಇಟ್ಟು ಹತ್ತುವ ಕೆಲಸ ಯಾರಿಗೂ ಬೇಡ.

ವರ್ಷದ ಉಳಿದ ತಿಂಗಳುಗಳಲ್ಲಿ ಡಿಶ್ ಆಫ್ ಇಡುವುದಾದರೆ ತಿಂಗಳಿಗೊಮ್ಮೆ ಒಂದು ಗಂಟೆ ಆನ್ ಮಾಡಿ, ಅದರ ಸಾಫ್ಟ್‌ವೇರ್ ಅಪ್‌ಡೇಟ್ ಆಗಲಿ. ಇಲ್ಲವಾದರೆ ಬೇಕಾದ ದಿನವೇ ಅದು ಅಪ್‌ಡೇಟ್ ಮಾಡುತ್ತಾ ಕೂರುತ್ತದೆ. ಜಡಿಮಳೆಗೆ ಲೈನ್ ನಿಂತರೆ ಡಿಶ್ ರೀಸ್ಟಾರ್ಟ್ ಮಾಡಬೇಡಿ, ಸೆಟ್ಟಿಂಗ್ ಕೆದಕಬೇಡಿ, ಮಳೆ ತೆಳುವಾದ ಹಾಗೆ ಅದೇ ಬರುತ್ತದೆ. ಮಳೆ ಪೂರ್ತಿ ಬಿಟ್ಟ ಮೇಲೂ ಬಾರದಿದ್ದರೆ ಮೊದಲು ಡಿಶ್ ಮೇಲೆ ಎಲೆ ಅಂಟಿದೆಯಾ, ನೀರು ನಿಂತಿದೆಯಾ ನೋಡಿ, ಆಮೇಲೆ ಕೇಬಲ್ಲಿನ ತುದಿ, ಕೊನೆಗೆ ಕಸ್ಟಮರ್ ಕೇರ್.